ಮೂರ್ತಿಯಿಲ್ಲದ ಸ್ಮಾರಕ

ಯುದ್ಧದಲ್ಲಿ ಮಡಿದವರ ನೆನಪಿಗೆ ಊರ ನಡುವೆ ಪ್ರತಿಮೆಯನ್ನು ನಿಲ್ಲಿಸುವ ಪದ್ಧತಿಯು ಬಹು ಹಳೆಯದು. 1914ರಿಂದ 1918ರ ವರೆಗೆ ನಡೆದ ಮಹಾಯುದ್ಧವು ಮುಗಿದ ಬಳಿಕ ಯೂರೋಪಿನ ಅನೇಕ ಪಟ್ಟಣಗಳಲ್ಲಿ ಬಂದೂಕು ಹಿಡಿದ ಯೋಧರ ವಿಗ್ರಹಗಳು ಎದ್ದುವು. ನೋಡಿದೊಡನೆ ಅರ್ಥವಾಗುವುದು ಇವುಗಳ ಗುಣ. ಒಂದರಂತೆಯೇ ಇನ್ನೊಂದಿರುವುದು ಇವುಗಳ ದೋಷ. ಯಾರ ಹೋಲಿಕೆಯನ್ನೂ ತೋರದ, ಯಾವ ಕಥೆಯನ್ನೂ ಬಿಡಿಸಿ ಹೇಳದ ಕೇವಲ ಆಕೃತಿಯು ಒಂದು ಊರಿನ ಶೋಕವನ್ನು ಹೊರಬಲ್ಲುದೆ? ಈ ಪ್ರಶ್ನೆಗೆ ರುಮೇನಿಯಾ ದೇಶದ ಟರ್ಗು ಜಿಯು ಎಂಬ ಪಟ್ಟಣದಲ್ಲಿ 1937-38ರಲ್ಲಿ ದೊರೆತ ಉತ್ತರವು ಶಿಲ್ಪಕಲೆಯ ಚರಿತ್ರೆಯಲ್ಲಿ ಗಮನಾರ್ಹವಾದುದು.

ರುಮೇನಿಯಾ ರಾಜ್ಯವು 1916ನೆಯ ಇಸವಿ ಆಗಸ್ಟಿನಲ್ಲಿ ಯುದ್ಧಕ್ಕಿಳಿಯಿತು. ಅದೇ ಅಕ್ಟೋಬರಿನಲ್ಲಿ ಜರ್ಮನ್ ಸೈನ್ಯವು ಪರ್ವತಗಳನ್ನು ದಾಟಿ ಜಿಯು ನದಿಯ ಕಣಿವೆಯಲ್ಲಿ ಇಳಿದುಬಂದಿತು. 27ನೆಯ ತಾರೀಖು ಶತ್ರುಗಳು ನದಿಯ ಸೇತುವೆಗೆ ಮುಟ್ಟಿದಾಗ, ಅವರನ್ನು ಎದುರಿಸಿದವರಲ್ಲಿ ಪೋಲೀಸಿನವರು, ವೃದ್ಧರು, ಹೆಂಗಸರು, ಸ್ಕೌಟು ಬಾಲಕರು ಮೊದಲಾದ ಊರಿನವರೇ ಇದ್ದರು. ಆ ದಿನ ಸೇತುವೆಯು ಉಳಿಯಿತು. ನವೆಂಬರಿನಲ್ಲಿ ಶತ್ರುಗಳು ಮತ್ತೆ ನುಗ್ಗಿ ಕಣಿವೆಯನ್ನು ಗೆದ್ದುಕೊಂಡರು; ಆದರೆ ಆ ಒಂದು ದಿನದ ನೆನಪು ಜನರ ಮನಸ್ಸಿನಿಂದ ಅಳಿಯಲಿಲ್ಲ.

ಇದಕ್ಕೊಂದು ಸ್ಮಾರಕವನ್ನು ಕಟ್ಟಿಸಬೇಕೆಂದು ಗೋರ್ಜ್ ಜಿಲ್ಲೆಯ ಮಹಿಳಾ ಸಂಘವು ಅರೇತಿಯಾ ತತರೆಸ್ಕು ಎಂಬಾಕೆಯ ನೇತೃತ್ವದಲ್ಲಿ ಸಂಕಲ್ಪಿಸಿತು. ಸಂಘವು ಮೊದಲು ಕೇಳಿದ್ದು ಮಿಲಿತ್ಸಾ ಪೆತ್ರಾಷ್ಕು ಎಂಬ ಶಿಲ್ಪಿಯನ್ನು. ಆಕೆಯು ತನ್ನ ಗುರುವಾದ ಕಾನ್‌ಸ್ಟಾಂಟಿನ್ ಬ್ರಂಕೂಶಿಯ ಹೆಸರನ್ನು ಸೂಚಿಸಿದಳು. ಬ್ರಂಕೂಶಿಯು 1876ರಲ್ಲಿ ಇದೇ ಜಿಲ್ಲೆಯ ಹೋಬಿತ್ಸಾ ಗ್ರಾಮದಲ್ಲಿ ಜನಿಸಿ, 1904ರಿಂದ ಪ್ಯಾರಿಸಿನಲ್ಲಿ ನೆಲಸಿದ್ದನು. ವಸ್ತುವಿನ ಬಾಹ್ಯರೂಪವನ್ನು ತೊರೆದು ಅದರ ಸಾರವನ್ನು ಮಾತ್ರ ಕಲ್ಲಿನಲ್ಲಿ ನಿಲ್ಲಿಸುವುದು ಆತನ ಮಾರ್ಗ. ಹುಟ್ಟಿದ ನಾಡಿನ ಈ ಕೆಲಸಕ್ಕಾಗಿ ಆತನು ಸಂಭಾವನೆಯನ್ನು ಸ್ವೀಕರಿಸಲಿಲ್ಲ.

ಚೌಕದ ನಡುವೆ ಒಂದೇ ಶಿಲ್ಪವನ್ನಿಟ್ಟು ಮುಗಿಸುವ ಬದಲು ಬ್ರಂಕೂಶಿಯು ಊರಿನ ಉದ್ದವನ್ನೇ ತನ್ನ ಕೃತಿಗೆ ನೆಲೆಯಾಗಿ ಆರಿಸಿಕೊಂಡನು. ಕಾದಾಟವು ನಡೆದ ಜಿಯು ನದಿಯ ದಡದಲ್ಲಿ ದುಂಡನೆಯ ಕಲ್ಲಿನ ಮೇಜು. ಅದರ ಸುತ್ತಲೂ ಮರಳುಗಡಿಯಾರದ ಆಕಾರದ ಹನ್ನೆರಡು ಪೀಠಗಳು. ಇದಕ್ಕೆ ಮೌನದ ಮೇಜೆಂದು ಹೆಸರು. ಅಲ್ಲಿಂದ ಇಕ್ಕೆಲಗಳಲ್ಲಿಯೂ ಕಲ್ಲಿನ ಪೀಠಗಳಿರುವ ಹಾದಿಯು ಚುಂಬನದ ದ್ವಾರಕ್ಕೆ ಒಯ್ಯುವುದು. ದ್ವಾರದ ಕಂಭಗಳ ಮೇಲೆ ಒಂದು ವೃತ್ತವು ಎರಡು ಅರ್ಧಗಳಾಗಿ ಒಂದನ್ನೊಂದು ತಾಗಿ ನಿಂತಿದೆ; ಕೂಡುವುದೂ ಅಗಲುವುದೂ ಆ ಒಂದೇ ಗುರುತಿನಲ್ಲಿ ಅಡಕವಾಗಿವೆ. ದ್ವಾರವನ್ನು ದಾಟಿದರೆ ವೀರರ ಬೀದಿಯು ಮನೆಗಳ ನಡುವೆ ಸಾಗಿ, ಇಗರ್ಜಿಯನ್ನು ಹಾದು, ಹಿಂದೆ ಹುಲ್ಲಿನ ಸಂತೆ ನೆರೆಯುತ್ತಿದ್ದ ಬಯಲನ್ನು ಸೇರುವುದು. ಆ ಬಯಲಿನಲ್ಲಿ ಅನಂತ ಸ್ತಂಭವು ನಿಂತಿದೆ. ಮೇಜಿನಿಂದ ಸ್ತಂಭಕ್ಕೆ ಸುಮಾರು ಒಂದೂಕಾಲು ಕಿಲೋಮೀಟರು ದೂರ.

ಸ್ತಂಭದ ಎತ್ತರವು 29 ಮೀಟರಿಗೂ ತುಸು ಹೆಚ್ಚು. ಒಂದರ ಮೇಲೊಂದು ಪೋಣಿಸಿದ ಹದಿನೈದು ಪೂರ್ಣ ಮಣಿಗಳು ಇದರಲ್ಲಿವೆ. ಬುಡದಲ್ಲಿಯೂ ತುದಿಯಲ್ಲಿಯೂ ಅಪೂರ್ಣವಾದ ಮಣಿಗಳಿವೆ. ಪ್ರತಿ ಮಣಿಯ ಕಿರಿದಾದ ತುದಿಯು 45 ಸೆಂಟಿಮೀಟರು, ನಡುವಿನ ಅಗಲವು 90, ಎತ್ತರವು 180. ಎಂದರೆ ಒಂದು, ಎರಡು, ನಾಲ್ಕು ಎಂಬ ಸರಳವಾದ ಪ್ರಮಾಣ. ತುದಿಯು ಅಪೂರ್ಣವಾದುದರಿಂದಲೇ ನೋಡುವವನ ಕಣ್ಣು ಅಲ್ಲಿ ನಿಲ್ಲದೆ ಆಕಾಶಕ್ಕೆ ಏರುವುದು. ಇಷ್ಟು ಸಪೂರವಾದ ಕಂಭವನ್ನು ಗಾಳಿಗೆ ಬಾಗದಂತೆ ನಿಲ್ಲಿಸುವುದು ಸುಲಭವಾಗಿರಲಿಲ್ಲ. ಇಂಜಿನಿಯರ್ ಷ್ಟೆಫಾನ್ ಜೋರ್ಜೆಸ್ಕು-ಗೋರ್ಜಾನನು ಉಕ್ಕಿನ ಬೆನ್ನೆಲುಬೊಂದನ್ನು ರಚಿಸಿದನು. ಪೆತ್ರೊಷಾನಿಯ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಬ್ಬಿಣದ ಮಣಿಗಳನ್ನು 1937ರಲ್ಲಿ ಅದರ ಮೇಲೆ ಪೋಣಿಸಿ, ಮರುವರ್ಷ ಹಿತ್ತಾಳೆಯ ಲೇಪವನ್ನು ಕೊಟ್ಟರು. ಸ್ಮಾರಕದ ಪ್ರಾರಂಭೋತ್ಸವವು 1938ನೆಯ ಅಕ್ಟೋಬರು 27ರಂದು, ಸೇತುವೆಯ ಕಾದಾಟಕ್ಕೆ ಸರಿಯಾಗಿ ಇಪ್ಪತ್ತೆರಡು ವರ್ಷ ತುಂಬಿದ ದಿನ ನಡೆಯಿತು.

ಈ ಶಿಲ್ಪಗಳಲ್ಲಿ ಒಬ್ಬ ಯೋಧನ ಮುಖವೂ ಇಲ್ಲ. ಇದನ್ನು ಕೊರತೆಯೆಂದು ಬಗೆಯುವವರ ಆಕ್ಷೇಪಣೆಯು ನಿರಾಧಾರವಾದುದಲ್ಲ. ಕಾದಾಟದ ಕಥೆಯನ್ನರಿಯದವನು ಈ ಬೀದಿಯಲ್ಲಿ ಅಡ್ಡಾಡಿ ಏನೂ ತಿಳಿಯದೆ ಹಿಂದಿರುಗಬಹುದು. ವಿಗ್ರಹವು ತನ್ನ ಕಥೆಯನ್ನು ತಾನೇ ಹೇಳುವುದು; ಅಮೂರ್ತವಾದ ಆಕೃತಿಯಾದರೋ ಅದನ್ನು ಹೇಳುವ ಭಾರವನ್ನು ಊರಿನವರ ಮೇಲೆಯೇ ಹೊರಿಸುವುದು. ಊರು ಮರೆತರೆ ಅದು ಬರಿಯ ಲೋಹ. 1950ರ ದಶಕದಲ್ಲಿ, ಕಮ್ಯೂನಿಸ್ಟ್ ಆಡಳಿತದ ಕಾಲದಲ್ಲಿ, ಸ್ತಂಭವನ್ನು ಉರುಳಿಸಲು ಪ್ರಯತ್ನವೂ ನಡೆಯಿತು. ಆದರೆ ಅದು ಬೀಳಲಿಲ್ಲ. ಕಾಲಾಂತರದಲ್ಲಿ ತುಕ್ಕು ಹಿಡಿದ ಮಣಿಗಳನ್ನು 1996ರಲ್ಲಿ ಬಿಚ್ಚಿ, ದುರಸ್ತು ಮಾಡಿ, 2000ನೆಯ ಇಸವಿಯ ವೇಳೆಗೆ ಮತ್ತೆ ಏರಿಸಿದರು.

ಭಾರತಕ್ಕೂ ಈ ಶಿಲ್ಪಿಗೂ ಸಂಬಂಧವುಂಟು. ಆತನ ಪಕ್ಷಿಶಿಲ್ಪಗಳನ್ನು ಕೊಂಡಿದ್ದ ಇಂದೂರಿನ ಮಹಾರಾಜ ಯಶವಂತರಾವ್ ಹೋಳ್ಕರನು ಅವುಗಳಿಗಾಗಿ ಧ್ಯಾನಮಂದಿರವೊಂದನ್ನು ಕಟ್ಟಿಸಲು ಬಯಸಿದನು. ಸ್ತಂಭವನ್ನು ನಿಲ್ಲಿಸಿದ ಕೆಲವೇ ವಾರಗಳಲ್ಲಿ ಬ್ರಂಕೂಶಿಯು ಇಂದೂರಿಗೆ ಪ್ರಯಾಣ ಮಾಡಿದನಾದರೂ ಆ ಮಂದಿರವು ಏಳಲಿಲ್ಲ. ಬ್ರಂಕೂಶಿಯು 1957ರಲ್ಲಿ ಪ್ಯಾರಿಸಿನಲ್ಲಿ ಕಾಲವಾದನು. 2024ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಸಮಿತಿಯು ಟರ್ಗು ಜಿಯುವಿನ ಶಿಲ್ಪಸಮೂಹವನ್ನು ತನ್ನ ಪಟ್ಟಿಗೆ ಸೇರಿಸಿತು. ಆ ಸಭೆಯು ನೆರೆದದ್ದು ಹೊಸ ದೆಹಲಿಯಲ್ಲಿ.

ಇಂದೂರಿನಲ್ಲಿ ಮಂದಿರವನ್ನು ಬಯಸಿದವನು ಒಬ್ಬ ಅರಸು. ಟರ್ಗು ಜಿಯುವಿನಲ್ಲಿ ಸ್ಮಾರಕವನ್ನು ಬೇಡಿದುದು ಸತ್ತವರನ್ನು ಮರೆಯಲಾರದ ಒಂದು ಊರು. ಸಾರ್ವಜನಿಕ ಶಿಲ್ಪಕ್ಕೆ ರೂಪವನ್ನು ಕೊಡುವವನು ಶಿಲ್ಪಿಯಾದರೂ ಅರ್ಥವನ್ನು ತುಂಬುವವರು ಅದರ ನೆರಳಿನಲ್ಲಿ ಬಾಳುವ ಜನರೇ ಸರಿ.