ಸ್ವಿಚ್ ಒತ್ತಿದವರು, ಒತ್ತದವರು

ಅಮೆರಿಕದ ನ್ಯೂ ಹೇವನ್ ನಗರದ ಪತ್ರಿಕೆಯೊಂದರಲ್ಲಿ 1961ರ ಜೂನ್‌ನಲ್ಲಿ ಒಂದು ಜಾಹೀರಾತು ಪ್ರಕಟವಾಯಿತು. ಜ್ಞಾಪಕಶಕ್ತಿಯ ಅಧ್ಯಯನಕ್ಕೆ ಐನೂರು ಗಂಡಸರು ಬೇಕು. ಒಂದು ಗಂಟೆಗೆ 4 ಡಾಲರ್, ಬಂದುಹೋಗುವ ಖರ್ಚಿಗೆ 50 ಸೆಂಟ್. ಆದರೆ ಯೇಲ್ ವಿಶ್ವವಿದ್ಯಾಲಯದ ತರುಣ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಅವರಿಗೆ ಬೇಕಾಗಿದ್ದುದು ಜ್ಞಾಪಕಶಕ್ತಿಯ ವಿಚಾರವಲ್ಲ. ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆ ಆಗ ಜೆರುಸಲೇಮಿನಲ್ಲಿ ನಡೆದಿತ್ತು. ಮೇಲಿನವರ ಆಜ್ಞೆ ಪಾಲಿಸಿದೆ ಎಂಬುದು ಅವನ ಸಮಜಾಯಿಷಿ. ಸಾಮಾನ್ಯ ಮನುಷ್ಯ ಇಂಥ ಆಜ್ಞೆಯನ್ನು ಎಲ್ಲಿಯವರೆಗೆ ಪಾಲಿಸಿಯಾನು?

ಜಾಹೀರಾತು ನೋಡಿ ಬಂದವನಿಗೆ ‘ಶಿಕ್ಷಕ’ನ ಪಾತ್ರ. ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಕಟ್ಟಿಹಾಕಿದ 47 ವರ್ಷದ ಲೆಕ್ಕಿಗನೊಬ್ಬ ‘ವಿದ್ಯಾರ್ಥಿ’. ಅವನು ಉತ್ತರ ತಪ್ಪಿದಾಗಲೆಲ್ಲ ಒಂದೊಂದು ಸ್ವಿಚ್ ಒತ್ತಬೇಕು. 15 ವೋಲ್ಟ್‌ನಿಂದ 450ರವರೆಗೆ ಒಟ್ಟು 30 ಸ್ವಿಚ್ಚುಗಳು. 300 ವೋಲ್ಟ್‌ಗೆ ಬಂದಾಗ ಗೋಡೆ ಬಡಿಯುವ ಸದ್ದು. ಸ್ವಲ್ಪದರಲ್ಲೇ ಅದೂ ಇಲ್ಲ. ತಡವರಿಸಿದರೆ ಬೂದು ಕೋಟು ತೊಟ್ಟ ಪ್ರಯೋಗಕಾರ ‘ದಯವಿಟ್ಟು ಮುಂದುವರಿಸಿ’ ಎನ್ನುತ್ತಾನೆ. ವಿದ್ಯುತ್ತೂ ಸುಳ್ಳು, ಲೆಕ್ಕಿಗನ ಸಂಕಟವೂ ನಟನೆ. ಸ್ವಿಚ್ ಒತ್ತುತ್ತಿದ್ದವರ ಬೆವರು, ನಡುಕ ಮಾತ್ರ ನಿಜ. 40 ಮಂದಿಯಲ್ಲಿ 26 ಜನ ಕೊನೆಯ ಸ್ವಿಚ್ಚನ್ನೂ ಒತ್ತಿದರು.

1963ರಲ್ಲಿ ಪ್ರಕಟವಾದ ಈ ‘ನೂರಕ್ಕೆ 65’ ಜಗತ್ತಿಗೆಲ್ಲ ಬಾಯಿಪಾಠವಾಯಿತು. ಪ್ರತಿಯೊಬ್ಬನೊಳಗೂ ಒಬ್ಬ ಐಕ್‌ಮನ್ ಇದ್ದಾನೆಂಬ ಮಾತು ಹುಟ್ಟಿಕೊಂಡಿತು. ಅದು ಅವಸರದ ಮಾತು. ಐಕ್‌ಮನ್ನೇ ಬರೀ ಆಜ್ಞಾಪಾಲಕನಾಗಿರಲಿಲ್ಲ. ಅರ್ಜೆಂಟೀನಾದಲ್ಲಿ ಅಡಗಿದ್ದಾಗ ತನ್ನ ಕೆಲಸದ ಬಗ್ಗೆ ಅವನು ಹೆಮ್ಮೆಯಿಂದ ಆಡಿದ ಮಾತುಗಳು ಧ್ವನಿಮುದ್ರಿಕೆಯಲ್ಲಿವೆ. ಮಿಲ್‌ಗ್ರಾಂ ಅವರ ಪ್ರಯೋಗವೂ ಒಂದೇ ಅಲ್ಲ, ಇಪ್ಪತ್ತಕ್ಕೂ ಹೆಚ್ಚು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದಾಗ ಕೊನೆಮುಟ್ಟಿದವರು ನೂರಕ್ಕೆ 40. ಜೊತೆಗಿದ್ದ ಇನ್ನಿಬ್ಬರು ‘ಶಿಕ್ಷಕರು’ ನಮ್ಮಿಂದಾಗದು ಎಂದು ಎದ್ದುಹೋದಾಗ 40ರಲ್ಲಿ ಬರೀ ನಾಲ್ವರು. ಇಬ್ಬರು ಪ್ರಯೋಗಕಾರರು ತಮ್ಮತಮ್ಮಲ್ಲೇ ವಾದಕ್ಕಿಳಿದಾಗ ಒಬ್ಬನೂ ಇಲ್ಲ!

ಅರಿಯದವರನ್ನು ಹೀಗೆ ಹಿಂಸಿಸಿದ್ದು ಸರಿಯೇ ಎಂದು ಡಯಾನಾ ಬಾಮ್‌ರಿಂಡ್ 1964ರಲ್ಲೇ ಕೇಳಿದ್ದರು. ಪ್ರಯೋಗದ ಟೇಪುಗಳನ್ನು ಕೇಳಿದ ಆಸ್ಟ್ರೇಲಿಯಾದ ಜಿನಾ ಪೆರಿ, ಎಷ್ಟೋ ಜನಕ್ಕೆ ನಿಜ ಸಂಗತಿ ತಿಳಿಸಿದ್ದು ತಿಂಗಳುಗಳ ಮೇಲೆ ಎಂದು ಬರೆದರು. ವಿದ್ಯುತ್ತು ನಿಜವೇ ಎಂಬ ಅನುಮಾನ ಹಲವರಿಗೆ ಅಲ್ಲೇ ಬಂದಿತ್ತಂತೆ. ಇದೆಲ್ಲ ಆ ‘65’ರ ತೂಕ ಇಳಿಸುವ ಸಂಗತಿಗಳೇ.

ಇನ್ನೂ ಸ್ವಾರಸ್ಯದ ವಿಷಯ ಬೇರೆಯಿದೆ. ಜೆರ್ರಿ ಬರ್ಗರ್ 2006ರಲ್ಲಿ ಪ್ರಯೋಗವನ್ನು 150 ವೋಲ್ಟ್‌ಗೆ ನಿಲ್ಲಿಸಿ ಮತ್ತೆ ನಡೆಸಿದರು. ನೂರಕ್ಕೆ 70 ಮಂದಿ ಮುಂದೆ ಹೋಗಲು ಸಿದ್ಧರಿದ್ದರು. ಆದರೆ ‘ನಿಮಗೆ ಬೇರೆ ದಾರಿಯೇ ಇಲ್ಲ’ ಎಂದು ಹೇಳಿಸಿಕೊಂಡವರಲ್ಲಿ ಒಬ್ಬರೂ ಮುಂದುವರಿಯಲಿಲ್ಲ. ಜನ ಒಲಿದದ್ದು ವಿಜ್ಞಾನದ ಹೆಸರಿಗೆ, ಹುಕುಮಿಗಲ್ಲ.

ಮಿಲ್‌ಗ್ರಾಂ ಅವರ ಇನ್ನೊಂದು ಪ್ರಯೋಗದಲ್ಲಿ ಪ್ರಯೋಗಕಾರ ಕೋಣೆ ಬಿಟ್ಟು ಟೆಲಿಫೋನಿನಲ್ಲಿ ಆಜ್ಞೆ ಕೊಡುತ್ತಿದ್ದ. ಆಗ ಕೊನೆಮುಟ್ಟಿದವರು ಐದರಲ್ಲಿ ಒಬ್ಬರಷ್ಟೆ. ಉಳಿದವರಲ್ಲಿ ಕೆಲವರು ಫೋನಿನಲ್ಲಿ ‘ಹೆಚ್ಚಿಸುತ್ತಿದ್ದೇನೆ’ ಎನ್ನುತ್ತ, ಸದ್ದಿಲ್ಲದೆ 15 ವೋಲ್ಟಿನ ಸ್ವಿಚ್ಚನ್ನೇ ಮತ್ತೆ ಮತ್ತೆ ಒತ್ತುತ್ತಿದ್ದರು.