ಸಣ್ಣ ನ್ಯಾನೊಮೀಟರ್, ದೊಡ್ಡ ಪೈಪೋಟಿ

ಕೆಲವು ವರ್ಷಗಳ ಹಿಂದೆ ಕೊಡ್ಲಿಯ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬ ಎರಡು ಗ್ರಾಫಿಕ್ಸ್ ಕಾರ್ಡುಗಳ ವಿವರ ಬರೆದ ಚೀಟಿ ಹಿಡಿದು ನನ್ನಲ್ಲಿಗೆ ಬಂದಿದ್ದ. ಎರಡೂ 2019ರ ಕೊನೆಗೆ ಮಾರುಕಟ್ಟೆಗೆ ಬಂದವು. ಒಂದು ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1650 ಸೂಪರ್, ಇನ್ನೊಂದು ಎಎಂಡಿಯ ಆರ್‌ಎಕ್ಸ್ 5500 ಎಕ್ಸ್‌ಟಿ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲ. ಮೊದಲನೆಯದರ ಚಿಪ್ 12 ನ್ಯಾನೊಮೀಟರ್ ತಂತ್ರದ್ದು, ಎರಡನೆಯದರದು 7 ನ್ಯಾನೊಮೀಟರ್‌ನದು. “ಸಣ್ಣದೇ ಛಲೋ ಅಲ್ರಿ ಸರ್?” ಎಂಬುದು ಅವನ ಪ್ರಶ್ನೆ. ನಿಮ್ಮ ತರಗತಿಯಲ್ಲೂ ಇಂಥ ಪ್ರಶ್ನೆ ಬರಬಹುದು. ಹೌದು ಎಂದುಬಿಡುವುದು ಸುಲಭ. ಆದರೆ ಗ್ರಾಫಿಕ್ಸ್ ಚಿಪ್‌ಗಳ ಇತಿಹಾಸ ಹಾಗೆನ್ನಲು ಬಿಡುವುದಿಲ್ಲ.

ಕಂಪ್ಯೂಟರ್ ಪರದೆಯ ಮೇಲೆ ಲಕ್ಷಾಂತರ ಚುಕ್ಕೆಗಳಿವೆ. ಪ್ರತಿ ಚುಕ್ಕೆಯ ಬಣ್ಣವನ್ನೂ ಸೆಕೆಂಡಿಗೆ ಹತ್ತಾರು ಸಲ ಲೆಕ್ಕ ಹಾಕಬೇಕು. ಒಂದು ಚುಕ್ಕೆಯ ಲೆಕ್ಕ ಇನ್ನೊಂದಕ್ಕಾಗಿ ಕಾಯಬೇಕಿಲ್ಲವಾದ್ದರಿಂದ ನೂರಾರು ಪುಟ್ಟ ಗಣಕಗಳನ್ನು ಒಂದೇ ಚಿಪ್‌ನಲ್ಲಿ ಕೂರಿಸಿ ಎಲ್ಲಕ್ಕೂ ಒಟ್ಟಿಗೇ ಕೆಲಸ ಕೊಡಬಹುದು. ಟ್ರಾನ್ಸಿಸ್ಟರುಗಳು ಹೆಚ್ಚಿದಷ್ಟೂ ಈ ಗಣಕಗಳು ಹೆಚ್ಚುತ್ತವೆ. ಆದ್ದರಿಂದಲೇ ಟ್ರಾನ್ಸಿಸ್ಟರನ್ನು ಕುಗ್ಗಿಸುವ ಪ್ರತಿ ಹೆಜ್ಜೆಗೂ ಈ ಕಂಪನಿಗಳು ಬಾಯಿ ಬಿಟ್ಟುಕೊಂಡು ಕಾಯುತ್ತವೆ. ಉದ್ದ ಅಳತೆ 55ರಿಂದ 40 ನ್ಯಾನೊಮೀಟರಿಗೆ ಇಳಿದರೆ ವಿಸ್ತೀರ್ಣ ಅದರ ವರ್ಗದಂತೆ ಇಳಿಯುತ್ತದೆ, ಅಂದರೆ ಸುಮಾರು ಅರ್ಧಕ್ಕೆ. ಅದೇ ಜಾಗದಲ್ಲಿ ಹೆಚ್ಚುಕಡಿಮೆ ಇಮ್ಮಡಿ ಟ್ರಾನ್ಸಿಸ್ಟರ್!

ಹಾಗಿದ್ದರೆ ಮೊದಲು ಕುಗ್ಗಿಸಿದವನೇ ಗೆಲ್ಲಬೇಕಲ್ಲವೇ? 2002ರಲ್ಲಿ ಹಾಗಾಗಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಕೆನಡಾದ ಎಟಿಐ ಕಂಪನಿ ರೇಡಿಯಾನ್ 9700 ಪ್ರೊ ಕಾರ್ಡನ್ನು ಹೊರತಂದಿತು. ಅದರ ಚಿಪ್ ಹಳೆಯ, ಪಳಗಿದ 150 ನ್ಯಾನೊಮೀಟರ್ ತಂತ್ರದ್ದು. ಎದುರಾಳಿ ಎನ್‌ವಿಡಿಯಾ ಹೊಸದಾದ 130 ನ್ಯಾನೊಮೀಟರಿಗೆ ಹಾರಿತು. ತಯಾರಿಕೆ ಹದಕ್ಕೆ ಬರುವುದು ತಡವಾಯಿತು. ನವೆಂಬರ್‌ನಲ್ಲಿ ಘೋಷಿಸಿದ ಜಿಫೋರ್ಸ್ ಎಫ್ಎಕ್ಸ್ 5800 ಅಂಗಡಿಗೆ ಬಂದಾಗ 2003 ಬಂದಿತ್ತು. ಅದರ ಅಲ್ಟ್ರಾ ಮಾದರಿಯ ಬಡಿತ 500 ಮೆಗಾಹರ್ಟ್ಸ್, ಎಟಿಐಯದು 325 ಮಾತ್ರ. ಆದರೆ ಎಟಿಐ ಚಿಪ್‌ಗೂ ಸ್ಮೃತಿಗೂ ನಡುವಿನ ದಾರಿ 256 ಬಿಟ್ ಅಗಲವಿದ್ದರೆ ಎನ್‌ವಿಡಿಯಾದ್ದು 128 ಬಿಟ್. ಓಟಗಾರ ಚುರುಕಾಗಿದ್ದ, ಓಣಿ ಇಕ್ಕಟ್ಟಾಗಿತ್ತು. ಜೊತೆಗೆ ಅದರ ತಂಪುಗೊಳಿಸುವ ಫ್ಯಾನಿನ ಗದ್ದಲ ನಗೆಪಾಟಲಾಯಿತು.

ಇಲ್ಲಿ ನೀವು ಗಮನಿಸಬೇಕಾದ ಒಂದು ಸಂಗತಿಯಿದೆ. ಈ ಇಬ್ಬರಿಗೂ ಸ್ವಂತ ಕಾರ್ಖಾನೆ ಇರಲಿಲ್ಲ. ಇಬ್ಬರೂ ಹೋಗುತ್ತಿದ್ದದ್ದು 1987ರಲ್ಲಿ ಮಾರಿಸ್ ಚಾಂಗ್ ತೈವಾನಿನಲ್ಲಿ ಸ್ಥಾಪಿಸಿದ ಟಿಎಸ್‌ಎಂಸಿಗೆ. ನಕ್ಷೆ ನಿಮ್ಮದು, ಅಚ್ಚು ನಮ್ಮದು ಎಂಬುದು ಆ ಕಂಪನಿಯ ವ್ಯವಹಾರ. ವಿನ್ಯಾಸವೂ ತಯಾರಿಕೆಯೂ ಹೀಗೆ ಬೇರೆಯಾದದ್ದರಿಂದಲೇ ಬೆಂಗಳೂರು ಈ ಕಥೆಯೊಳಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. 2004ರಲ್ಲಿ ಎನ್‌ವಿಡಿಯಾ ಬಂತು. 2006ರಲ್ಲಿ ಎಟಿಐಯನ್ನು ಕೊಂಡುಕೊಂಡ ಎಎಂಡಿ, ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ ಆರಂಭಿಸಿತು. ಎದುರಾಳಿಗಳ ಎಂಜಿನಿಯರುಗಳು ಒಂದೇ ಊರಿನ ಸಂಚಾರ ದಟ್ಟಣೆಯಲ್ಲಿ ಸಿಕ್ಕಿಕೊಂಡಿರುತ್ತಾರೆ, ಅವರ ಚಿಪ್‌ಗಳು ಒಂದೇ ಕಾರ್ಖಾನೆಯಲ್ಲಿ ಸರದಿಗೆ ನಿಲ್ಲುತ್ತವೆ.

ಇಬ್ಬರಿಗೂ ಒಂದೇ ಕಾರ್ಖಾನೆಯಾದರೆ ಗೆಲುವು ಸೋಲು ತೀರ್ಮಾನವಾಗುವುದು ಎಲ್ಲಿ? ಇದಕ್ಕೆ ನಮ್ಮ ಕಡೆಯ ಶಹಾಬಾದ್ ಕಲ್ಲನ್ನೇ ನೋಡಿ. ಸೇಡಂ, ಚಿತ್ತಾಪುರ, ವಾಡಿಗಳ ನೆಲದಡಿ ಹರಡಿರುವ ಸುಣ್ಣಕಲ್ಲಿನ ಈ ಪದರಗಳಿಂದ ಫರಸಿ ಕತ್ತರಿಸುತ್ತಾರೆ. ಒಂದು ಹಾಸಿನಲ್ಲಿ ಅಲ್ಲಲ್ಲಿ ಬಿರುಕು ಇದ್ದೇ ಇರುತ್ತದೆ. ಅದನ್ನು ಒಂದಡಿ ಚೌಕಗಳಾಗಿ ಕತ್ತರಿಸಿದರೆ ಬಿರುಕು ಬಿದ್ದ ನಾಲ್ಕಾರು ತುಂಡು ಹೋಗಿ ಉಳಿದವು ಮಾರಾಟವಾಗುತ್ತವೆ. ಮೂರಡಿ ಚೌಕಗಳಾಗಿ ಕತ್ತರಿಸಿದರೆ ಅದೇ ಬಿರುಕುಗಳು ಬಹುಪಾಲು ತುಂಡುಗಳನ್ನು ಕೆಡಿಸುತ್ತವೆ. ಚಿಪ್‌ಗಳೂ ಹೀಗೆಯೇ 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದವು. ದೂಳಿನ ಒಂದು ಕಣ ಒಂದು ಚಿಪ್ಪನ್ನು ಬಲಿ ತೆಗೆದುಕೊಳ್ಳಬಲ್ಲದು. ತಂತ್ರ ಹೊಸದಾದಷ್ಟೂ ದೋಷಗಳು ಹೆಚ್ಚು.

2008ರ ಜೂನ್ ತಿಂಗಳ ಲೆಕ್ಕ ನೋಡೋಣ. ಎನ್‌ವಿಡಿಯಾದ ಜಿಟಿಎಕ್ಸ್ 280 ಚಿಪ್ 65 ನ್ಯಾನೊಮೀಟರ್ ತಂತ್ರದ್ದು. 140 ಕೋಟಿ ಟ್ರಾನ್ಸಿಸ್ಟರು, 576 ಚದರ ಮಿಲಿಮೀಟರ್. ಎಎಂಡಿಯ ಎಚ್‌ಡಿ 4870 ಚಿಪ್ 55 ನ್ಯಾನೊಮೀಟರಿನದು. 95.6 ಕೋಟಿ ಟ್ರಾನ್ಸಿಸ್ಟರು, ಸುಮಾರು 256 ಚದರ ಮಿಲಿಮೀಟರ್. ಅಂಚಿನ ನಷ್ಟ ಕಳೆದು ಒಂದು ಬಿಲ್ಲೆಯಲ್ಲಿ ಮೊದಲನೆಯವು ಸುಮಾರು 95, ಎರಡನೆಯವು ಸುಮಾರು 235 ಹಿಡಿಯುತ್ತವೆ. ಚದರ ಸೆಂಟಿಮೀಟರಿಗೆ ಸರಾಸರಿ 0.2 ದೋಷ ಎಂದು ಸುಮ್ಮನೆ ಇಟ್ಟುಕೊಳ್ಳಿ. ಪಾಯ್ಸಾನ್ ವಿತರಣೆಯಂತೆ ದೊಡ್ಡ ಚಿಪ್‌ಗಳಲ್ಲಿ ಶೇಕಡಾ 32, ಚಿಕ್ಕವುಗಳಲ್ಲಿ ಶೇಕಡಾ 60 ನಿರ್ದೋಷಿ. ಅಂದರೆ ಒಂದು ಬಿಲ್ಲೆಗೆ 30ರ ಎದುರು 141! ವಿಸ್ತೀರ್ಣದ ಅಂತರ ಎರಡೂಕಾಲು ಪಟ್ಟು, ಫಸಲಿನ ಅಂತರ ನಾಲ್ಕೂವರೆ ಪಟ್ಟಿಗೂ ಮೇಲು. ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ. ಘಾತೀಯ ಉತ್ಪನ್ನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ವೇಗದಲ್ಲಿ ಜಿಟಿಎಕ್ಸ್ 280 ಮುಂದಿತ್ತು. ಆದರೆ ಎಎಂಡಿ 299 ಡಾಲರಿಗೆ ಮಾರತೊಡಗಿದಾಗ 649 ಡಾಲರಿನ ಜಿಟಿಎಕ್ಸ್ 280 ಕೆಲವೇ ವಾರಗಳಲ್ಲಿ 499ಕ್ಕೆ ಇಳಿಯಿತು.

ಮರುವರ್ಷ 40 ನ್ಯಾನೊಮೀಟರ್ ತಂತ್ರ ಬಂತು. ಅದೂ ತಕ್ಷಣ ಪಳಗಲಿಲ್ಲ. ಎಎಂಡಿ ಮೊದಲು, 2009ರ ಏಪ್ರಿಲ್‌ನಲ್ಲಿ, 137 ಚದರ ಮಿಲಿಮೀಟರಿನ ಪುಟ್ಟ ಚಿಪ್ಪಿನ ಎಚ್‌ಡಿ 4770 ಮಾಡಿ ನೋಡಿತು. ನಡುಮನೆಗೆ ಹಾಸುವ ಮೊದಲು ಹಿತ್ತಿಲಿಗೆ ಹಾಸಿ ನೋಡಿದಂತೆ. ಕಲಿತ ಪಾಠದ ಮೇಲೆ ಸೆಪ್ಟೆಂಬರ್‌ನಲ್ಲಿ 215 ಕೋಟಿ ಟ್ರಾನ್ಸಿಸ್ಟರುಗಳ ಎಚ್‌ಡಿ 5870 ತಂದಿತು. ಎನ್‌ವಿಡಿಯಾ 300 ಕೋಟಿ ಟ್ರಾನ್ಸಿಸ್ಟರುಗಳ ಭಾರಿ ಚಿಪ್ಪಿಗೆ ಕೈಹಾಕಿ 2010ರ ಮಾರ್ಚ್‌ವರೆಗೆ ತಡವಾಯಿತು. ಜಿಟಿಎಕ್ಸ್ 480 ಎಂಬ ಆ ಕಾರ್ಡಿನಲ್ಲಿ 512 ಪುಟ್ಟ ಗಣಕಗಳ ಪೈಕಿ 480 ಮಾತ್ರ ಕೆಲಸಕ್ಕಿದ್ದವು. ಮೂಲೆ ಮುಕ್ಕಾದ ಫರಸಿಯನ್ನು ಕೊಂಚ ಚಿಕ್ಕದಾಗಿ ಕತ್ತರಿಸಿ ಮಾರುವ ಉಪಾಯವೇ ಇದು.

ಇನ್ನೊಂದು ತೊಡಕು ಶಾಖದ್ದು. ಚಿಪ್ ಬಳಸುವ ವಿದ್ಯುತ್ ಸಾಮರ್ಥ್ಯ ಅದರ ಧಾರಕತೆಗೆ, ವಿಭವದ ವರ್ಗಕ್ಕೆ ಮತ್ತು ಆವೃತ್ತಿಗೆ ಅನುಪಾತದಲ್ಲಿರುತ್ತದೆ. ಅಳತೆಯ ಜೊತೆಗೆ ವಿಭವವನ್ನೂ ಇಳಿಸುತ್ತ ಹೋದರೆ ಚದರ ಮಿಲಿಮೀಟರಿನ ಶಾಖ ಏರುವುದಿಲ್ಲ ಎಂದು 1974ರಲ್ಲಿ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ತೋರಿಸಿದ್ದರು. 2005ರ ಆಸುಪಾಸಿನಲ್ಲಿ ವಿಭವ ಇಳಿಯುವುದು ಬಹುಮಟ್ಟಿಗೆ ನಿಂತಿತು. ಇನ್ನೂ ಇಳಿಸಿದರೆ ಆರಿಸಿದ ಟ್ರಾನ್ಸಿಸ್ಟರಿನಲ್ಲೂ ವಿದ್ಯುತ್ ಸೋರುತ್ತದೆ. ಆಮೇಲೆ ಕುಗ್ಗಿಸುವುದೊಂದೇ ಸಾಲದಾಯಿತು.

2012ರಿಂದ 2016ರವರೆಗೆ ಇಬ್ಬರೂ 28 ನ್ಯಾನೊಮೀಟರಿನಲ್ಲೇ ನಿಂತರು. 20 ನ್ಯಾನೊಮೀಟರ್ ಹೆಜ್ಜೆ ಗ್ರಾಫಿಕ್ಸ್‌ಗೆ ಒಗ್ಗಲಿಲ್ಲ. ಆಶ್ಚರ್ಯವೆಂದರೆ ಪೈಪೋಟಿಯ ತಕ್ಕಡಿ ಬಲವಾಗಿ ವಾಲಿದ್ದು ಈ ನಿಂತ ನೀರಿನಲ್ಲೇ. 2014ರ ಸೆಪ್ಟೆಂಬರ್‌ನ ಜಿಟಿಎಕ್ಸ್ 980, ಅದೇ 28 ನ್ಯಾನೊಮೀಟರ್ ತಂತ್ರದಲ್ಲಿ, 165 ವ್ಯಾಟ್‌ನಲ್ಲಿ ಕೆಲಸ ಮಾಡಿತು. ಹಿಂದಿನ ವರ್ಷದ ಜಿಟಿಎಕ್ಸ್ 780 ಟಿಐಗೆ 250 ವ್ಯಾಟ್ ಬೇಕಿತ್ತು. ಚಿಪ್ಪಿನೊಳಗೇ ಹೆಚ್ಚು ದತ್ತಾಂಶ ಇಟ್ಟುಕೊಂಡು ಹೊರಗಿನ ಸ್ಮೃತಿಯ ಓಡಾಟ ತಗ್ಗಿಸಿದ್ದು, ಪುಟ್ಟ ಗಣಕಗಳ ಗುಂಪನ್ನು ಮರುಜೋಡಿಸಿದ್ದು ಇದರ ಗುಟ್ಟು. ಇದು ವಿನ್ಯಾಸಕಾರರ ಗೆಲುವು, ಅಚ್ಚಿನವರದಲ್ಲ. ಗುಜರಾತಿನ ಧೋಲೇರಾದಲ್ಲಿ ಕಟ್ಟಲು 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಚಿಪ್ ಕಾರ್ಖಾನೆಯ ಯೋಜನೆಯಲ್ಲೂ ಇದೇ 28 ನ್ಯಾನೊಮೀಟರ್ ಸೇರಿದೆ. ಹಳೆಯದು ಎಂದು ಮೂಗು ಮುರಿಯುವವರಿಗೆ ನಾನು ಜಿಟಿಎಕ್ಸ್ 980 ನೆನಪಿಸುತ್ತೇನೆ.

ಕೊಡ್ಲಿಯ ಹುಡುಗನ ಚೀಟಿಗೆ ಬರೋಣ. 7 ಮತ್ತು 12 ಎಂಬುವು ಈಗ ಟ್ರಾನ್ಸಿಸ್ಟರಿನ ಯಾವ ಭಾಗದ ಅಳತೆಯೂ ಅಲ್ಲ, ಪೀಳಿಗೆಯ ಹೆಸರು ಎಂದು ಮೊದಲು ಹೇಳಿದೆ. ಆಮೇಲೆ ಇಬ್ಬರೂ ಕೂತು ಅಂಕಿ ಹೋಲಿಸಿದೆವು. 7ರ ಚಿಪ್‌ನಲ್ಲಿ 640 ಕೋಟಿ ಟ್ರಾನ್ಸಿಸ್ಟರು, 158 ಚದರ ಮಿಲಿಮೀಟರ್. 12ರದರಲ್ಲಿ 660 ಕೋಟಿ, 284 ಚದರ ಮಿಲಿಮೀಟರ್. ಆಟಗಳಲ್ಲಿ ವೇಗ ಹೆಚ್ಚುಕಡಿಮೆ ಸಮ. ಚಿಕ್ಕ ಚಿಪ್ಪಿನ ಕಾರ್ಡಿಗೆ 130 ವ್ಯಾಟ್ ಬೇಕು, ದೊಡ್ಡದಕ್ಕೆ 100. “ಹಂಗಾರ ಸಣ್ಣದರಿಂದ ಲಾಭ ಯಾರಿಗ್ರಿ?” ಎಂದ. ಒಂದು ಬಿಲ್ಲೆಯಲ್ಲಿ ಹೆಚ್ಚು ಚಿಪ್ ಸಿಗುವುದರಿಂದ ಮೊದಲು ಕಂಪನಿಗೆ, ಆ ಬಿಲ್ಲೆಯೇ ದುಬಾರಿಯಾದರೆ ಅವರಿಗೂ ಅಷ್ಟಕ್ಕಷ್ಟೇ ಎಂದೆ. ಅವನು ಕೊನೆಗೆ 12ರ ಕಾರ್ಡನ್ನೇ ಕೊಂಡ. ಅವನ ಹಳೆಯ ಕಂಪ್ಯೂಟರಿನ ಎಸ್‌ಎಂಪಿಎಸ್ ಅದಕ್ಕಿಂತ ಹೆಚ್ಚು ತಾಳುತ್ತಿರಲಿಲ್ಲ.