ವಿಧೇಯಕಗಳ ಬಗ್ಗೆ ಜನಾಭಿಪ್ರಾಯ

ವಿಧಾನಮಂಡಲದ ಮುಂದಿರುವ ಅಥವಾ ಅಲ್ಲಿಗೆ ಹೋಗಲು ಸಿದ್ಧವಾಗುತ್ತಿರುವ ವಿಧೇಯಕದ ಬಗ್ಗೆ ಜನರು ಸಲಹೆ, ಆಕ್ಷೇಪಣೆ ಸಲ್ಲಿಸುವ ಕ್ರಮ.

ಮೈಸೂರು ಸೀಮೆಯಲ್ಲಿ ಇದಕ್ಕೆ ಹಳೆಯ ಬೇರಿದೆ. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದಾಗ ಅದು ಅಹವಾಲು ಹೇಳಿಕೊಳ್ಳುವ ಸಭೆಯಷ್ಟೇ ಆಗಿತ್ತು. 1923ರ ಕಾಯಿದೆ ಅದರ ಸ್ಥಾನವನ್ನು ಹೆಚ್ಚಿಸಿತು. ವಿಧೇಯಕವನ್ನು ಕಾನೂನು ರಚಿಸುವ ನ್ಯಾಯವಿಧಾಯಕ ಸಭೆಯಲ್ಲಿ ಮಂಡಿಸುವ ಮೊದಲು ಅದರ ಮೂಲತತ್ತ್ವಗಳ ಬಗ್ಗೆ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳುವುದು ಸಾಮಾನ್ಯ ನಿಯಮವಾಯಿತು. ಮೊದಲು ಕೇಳಿ ಆಮೇಲೆ ಮಂಡಿಸುವ ಈ ಕ್ರಮ ಇಂದಿಗೂ ಮಾದರಿಯಾಗಬಲ್ಲದು.

ಇಂದು ಕರಡನ್ನು ಮೊದಲೇ ಪ್ರಕಟಿಸುವುದು ಬಹುಮಟ್ಟಿಗೆ ಸರ್ಕಾರದ ಇಚ್ಛೆಗೆ ಬಿಟ್ಟದ್ದು. ಕೇಂದ್ರ ಸಚಿವಾಲಯಗಳು ಕನಿಷ್ಠ 30 ದಿನ ಕಾಲಾವಕಾಶ ಕೊಡಬೇಕೆಂಬ ನೀತಿ 2014ರಲ್ಲಿ ಬಂತು. ಕರ್ನಾಟಕದ ಗಿಗ್ ಕಾರ್ಮಿಕರ ಕರಡು ವಿಧೇಯಕಕ್ಕೆ 2024ರಲ್ಲಿ ಸಿಕ್ಕಿದ್ದು 10 ದಿನ. ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕವು ಅದೇ ವರ್ಷ ಮಂಡನೆಯಾದ ಮೇಲೆ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ಸಮಿತಿ ಸಾರ್ವಜನಿಕರ ಮಾತು ಕೇಳಿತು, 2025ರ ಮಾರ್ಚ್‌ನಲ್ಲಿ ವಿಧೇಯಕ ಅಂಗೀಕಾರವಾಯಿತು.

ರಾಜಧಾನಿಯವರಿಗೆ ಇಂಥ ಸಮಿತಿಯ ಸಭೆ ಕೈಗೆಟಕುತ್ತದೆ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಎನ್. ಬೇಗೂರಿನಂಥ ಊರಿಗೆ, ಸುತ್ತಲಿನ ಜೇನುಕುರುಬರ, ಕಾಡುಕುರುಬರ ಹಾಡಿಗಳಿಗೆ, ಹತ್ತು ದಿನವೆಂದರೆ ಸುದ್ದಿ ಮುಟ್ಟುವುದಕ್ಕೇ ಸಾಲದು. ಹಾಗಾಗಿ ಇಲ್ಲಿ ಹತ್ತಿರದ ದಾರಿಗಳೇ ಮುಖ್ಯ. ಈ ಊರು ಸೇರಿರುವ ಎಚ್.ಡಿ. ಕೋಟೆ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಸದನದಲ್ಲಿ ಕಲಂವಾರು ಚರ್ಚೆ ನಡೆಯುವಾಗ ತಿದ್ದುಪಡಿ ಸೂಚಿಸುವ ಹಕ್ಕು ಶಾಸಕರಿಗಿದೆ. ಆದ್ದರಿಂದ ಮನವಿಯಲ್ಲಿ ವಿಧೇಯಕದ ಹೆಸರು, ಕಲಂ ಸಂಖ್ಯೆ, ಬೇಕಾದ ಬದಲಾವಣೆ, ಅದರಿಂದ ಊರಿಗಾಗುವ ಒಳಿತು ಕೆಡುಕು ಸ್ಪಷ್ಟವಾಗಿರಬೇಕು. ಬರಿಯ ವಿರೋಧದ ಪತ್ರವನ್ನು ತಿದ್ದುಪಡಿಯಾಗಿ ಮಾರ್ಪಡಿಸುವುದು ಕಷ್ಟ.

ಅಷ್ಟಾಗಿ ಯಾರ ಗಮನಕ್ಕೂ ಬಾರದ ಇನ್ನೊಂದು ದಾರಿ ವಿಧಾನ ಪರಿಷತ್ತು. ಮೈಸೂರು, ಚಾಮರಾಜನಗರ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಇಬ್ಬರು ಪರಿಷತ್ತಿಗೆ ಆರಿಸಿ ಹೋಗುತ್ತಾರೆ. ಅವರಿಗೆ ಮತ ಹಾಕುವವರಲ್ಲಿ ಗ್ರಾಮ ಪಂಚಾಯಿತಿ ಸದಸ್ಯರೂ ಇದ್ದಾರೆ. ಆದ್ದರಿಂದ ಪಂಚಾಯಿತಿ ಬರೆದ ಮಾತನ್ನು ಆ ಇಬ್ಬರು ಸುಲಭವಾಗಿ ತಳ್ಳಿಹಾಕಲಾರರು. ಗ್ರಾಮಸಭೆಯ ನಿರ್ಣಯವೂ ಹೀಗೆಯೇ: ವಿಧಾನಮಂಡಲವನ್ನು ಅದು ಕಟ್ಟಿಹಾಕದು, ಆದರೆ ಇಡೀ ಊರಿನ ಮಾತಾಗಿ ದಾಖಲಾಗುತ್ತದೆ. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಿಲ್ಲ. ಹಾಗಾಗಿ ಅಂಥ ಪ್ರದೇಶಗಳ ಗ್ರಾಮಸಭೆಗಳಿಗೆ 1996ರ ಕೇಂದ್ರ ಕಾಯಿದೆ ಕೊಟ್ಟ ವಿಶೇಷ ಅಧಿಕಾರ ಇಲ್ಲಿನ ಹಾಡಿಗಳಿಗೆ ದೊರೆತಿಲ್ಲ. ಇದು ದೊಡ್ಡ ಕೊರತೆ.

ಸುಗ್ರೀವಾಜ್ಞೆ ಬಂದರೆ ಮೊದಲು ಕೇಳಿ ಆಮೇಲೆ ಮಂಡಿಸುವ ಕ್ರಮವೇ ತಲೆಕೆಳಗಾಗುತ್ತದೆ. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿಮಾಡಿದ ಭೂಸುಧಾರಣಾ ತಿದ್ದುಪಡಿ 2020ರ ಜುಲೈನಲ್ಲಿ ಸುಗ್ರೀವಾಜ್ಞೆಯಾಗಿಯೇ ಜಾರಿಗೆ ಬಂತು. ಸೆಪ್ಟೆಂಬರ್ 28ರಂದು ರೈತ ಸಂಘಟನೆಗಳು ಕರ್ನಾಟಕ ಬಂದ್ ನಡೆಸಿದವು, ಡಿಸೆಂಬರ್‌ನಲ್ಲಿ ಈ ತಿದ್ದುಪಡಿಯ ವಿಧೇಯಕವನ್ನು ಪರಿಷತ್ತೂ ಒಪ್ಪಿತು. ಬೀದಿಗಿಳಿದ ರೈತರು ಮಾತಾಡಬೇಕಾಗಿ ಬಂದದ್ದು ಆಗಲೇ ಜಾರಿಯಲ್ಲಿದ್ದ ಕಾನೂನಿನ ಬಗ್ಗೆ.

ಅಂಗೀಕೃತ ವಿಧೇಯಕ ಸಂವಿಧಾನದ 200ನೆಯ ವಿಧಿಯಂತೆ ರಾಜ್ಯಪಾಲರ ಮುಂದೆ ಹೋಗುತ್ತದೆ. ಆಗಲೂ ಅವರಿಗೆ ಮನವಿ ಕೊಡಬಹುದು. ಕಾಯಿದೆಯಾದ ಮೇಲೆ ಅದರಡಿ ರಚಿಸುವ ನಿಯಮಗಳ ಕರಡು ಹಲವು ಸಲ ರಾಜ್ಯಪತ್ರದಲ್ಲಿ ಪ್ರಕಟವಾಗಿ, ಆಕ್ಷೇಪಣೆಗೆ ಗಡುವು ನಿಗದಿಯಾಗುತ್ತದೆ. ಅರ್ಜಿ ನಮೂನೆ, ಶುಲ್ಕ, ಯಾವ ಕಚೇರಿಗೆ ಅಲೆಯಬೇಕು ಎಂಬುದೆಲ್ಲ ತೀರ್ಮಾನವಾಗುವುದು ಹೆಚ್ಚಾಗಿ ಆ ನಿಯಮಗಳಲ್ಲೇ.